ಫ್ರೌ ಬೋರಯ್ಯ

ನನ್ನ ಹೆಸರು ಸಿ. ಬಿ. ತಿಪ್ಪೇಸ್ವಾಮಿ. ಸಿ ಅಂದರೆ ಚಳ್ಳಕೆರೆ, ಬಿ ಅಂದರೆ ಬೋರಯ್ಯ, ನಮ್ಮಪ್ಪ. ಉಳಿದದ್ದು ನಾನು. ಆ ಉಳಿದದ್ದೂ ಪೂರ್ತಿ ನನ್ನದಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ನಮ್ಮ ಸೀಮೆಯಲ್ಲಿ ಮನೆಗೊಬ್ಬ ತಿಪ್ಪೇಸ್ವಾಮಿ. ಏಳನೇ ಕ್ಲಾಸಿನಲ್ಲಿ ನಾವು ಐದು ಜನ ಇದ್ದೆವು. ಮೇಷ್ಟ್ರು "ತಿಪ್ಪೇಸ್ವಾಮಿ, ಏಳೋ" ಅಂದರೆ ಇಡೀ ಬೆಂಚು ಏಳುತ್ತಿತ್ತು. ಯಾರ ಏಟು ಯಾರಿಗೆ ಅನ್ನುವುದು ಇನಿಷಿಯಲ್ಲಿನಿಂದ ತೀರ್ಮಾನವಾಗುತ್ತಿತ್ತು.

ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಂದು 'ತಿಪ್ಪ' ಎಂದು ಕರೆಯುವ ಪದ್ಧತಿಯೂ ಇತ್ತು. ಕಸ ಅಂದುಕೊಂಡು ಜವರಾಯ ಮೂಸಿಯೂ ನೋಡದೆ ಹೋಗಲಿ ಎಂದು. ಮದುವೆಯಾದ ಹೊಸತರಲ್ಲಿ ಇದನ್ನೆಲ್ಲ ಹೆಂಡತಿಗೆ ವಿದ್ವತ್ತಿನಿಂದ ವಿವರಿಸಿ, ನಾನು ಸ್ವಾಮಿಯ ಕಡೆಯವನೇ ಹೊರತು ತಿಪ್ಪೆಯ ಕಡೆಯವನಲ್ಲ ಎಂದು ಒತ್ತಿ ಹೇಳಿದ್ದೆ. ಅವಳಿಗೆ ನೆನಪಿನಲ್ಲಿ ಉಳಿದದ್ದು ತಿಪ್ಪೆ ಮಾತ್ರ. ಇವತ್ತಿಗೂ ನನ್ನ ಮೇಜು ಒರೆಸುವಾಗ ನೆನಪಿಸುತ್ತಾಳೆ.

ಅವಳು ಗದಗಿನವಳು. ತವರಿನ ಅಡ್ಡಹೆಸರು ಉಳ್ಳಾಗಡ್ಡಿ. ಲಗ್ನಪತ್ರಿಕೆ ಬಂದಾಗ ಅದನ್ನು ನಮ್ಮವ್ವನಿಗೆ ಗಟ್ಟಿಯಾಗಿ ಓದಿ ಹೇಳಿದೆ: ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಅಕ್ಕಿ, ತುಪ್ಪದ. ಅವ್ವ ಸಮಾಧಾನದಿಂದಲೇ ಕೇಳಿ, "ದಿನಸಿ ಚೀಟಿ ಆಮೇಲೆ ಓದೀವಂತೆ, ಮೊದಲು ನೆಂಟರ ಹೆಸರು ಓದಪ್ಪ" ಅಂದಳು.

ಆಗ ನಕ್ಕಿದ್ದೆ. ಆಮೇಲೆ ಯೋಚಿಸಿದರೆ ಆ ಹೆಸರುಗಳಲ್ಲಿ ಒಂದು ಗತ್ತಿದೆ. ಬೆಲ್ಲದ ವ್ಯಾಪಾರದವರ ಮನೆತನದಲ್ಲಿ ವ್ಯಾಪಾರ ಹೋಯಿತು, ಬೆಲ್ಲ ಹೋಯಿತು, ವಿಭಕ್ತಿ ಪ್ರತ್ಯಯ ಒಂದು ಗಟ್ಟಿಯಾಗಿ ಕೂತುಕೊಂಡಿತು. ಕುಲಕರ್ಣಿ ಅಂದರೆ ಊರ ಲೆಕ್ಕ ಬರೆಯುವವನು, ಪಾಟೀಲ ಅಂದರೆ ಊರ ಮುಖ್ಯಸ್ಥ. ವಂಶಪಾರಂಪರ್ಯದ ಆ ಹುದ್ದೆಗಳನ್ನು ತೆಗೆದುಹಾಕುವ ಕಾಯ್ದೆ 1961ರಲ್ಲೇ ಆಯಿತು. ಹೆಸರನ್ನು ತೆಗೆಯಲು ಯಾವ ಕಾಯ್ದೆಗೂ ಆಗಲಿಲ್ಲ. ನನ್ನ ಹುದ್ದೆಯೋ, ನಿವೃತ್ತಿಯ ದಿನ ಹಾಕಿದ ಹಾರ ಬಾಡುವುದರೊಳಗೆ ಮರೆತುಹೋಯಿತು.

ಆದರೂ ಸೋಲೊಪ್ಪಬಾರದಲ್ಲ. "ಡಿ.ವಿ.ಜಿ.ಯವರಿಗೆ ಅಡ್ಡಹೆಸರು ಬೇಕಾಯಿತೇನೆ? ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಊರು, ಅಪ್ಪ, ತಾನು, ಮುಗೀತು" ಎಂದೆ.

"ಬೇಂದ್ರೆಯವರಿಗಿತ್ತಲ್ರೀ" ಎಂದಳು. ಗದಗ, ಧಾರವಾಡದ ಕಡೆಯವರ ಜೊತೆ ವಾದಕ್ಕಿಳಿದರೆ ಎಲ್ಲಿಂದ ಹೊರಟರೂ ಬೇಂದ್ರೆಯವರ ಹತ್ತಿರವೇ ಬಂದು ಮುಗಿಯುತ್ತದೆ.

ಮಗಳು ಜರ್ಮನಿಯಲ್ಲಿದ್ದಾಳೆ. ಬನ್ನಿ ಎಂದು ಕರೆದಳು. ಪಾಸ್‌ಪೋರ್ಟ್ ಅರ್ಜಿಯನ್ನು ತಾನೇ ತುಂಬುತ್ತೇನೆ ಎಂದಳು. ಮೂವತ್ತು ವರ್ಷ ಬೇರೆಯವರ ಅರ್ಜಿಗಳಲ್ಲಿ ತಪ್ಪು ಹುಡುಕಿ ಸಂಬಳ ಎಣಿಸಿದ ನಾನು, "ಇದೊಂದು ದೊಡ್ಡ ವಿಷಯವೇ" ಎಂದು ಕನ್ನಡಕ ಏರಿಸಿ ಕೂತೆ. 'ಸರ್‌ನೇಮ್' ಎಂಬ ಖಾನೆ ಬಂತು. ಚಳ್ಳಕೆರೆಯೇ, ಬೋರಯ್ಯನೇ? ಊರಿಗಿಂತ ಅಪ್ಪ ದೊಡ್ಡವನು ಎಂದು ಬೋರಯ್ಯ ಅಂತ ಬರೆದೆ. ಹೆಂಡತಿಯ ಅರ್ಜಿಗೂ ಅದೇ ಖಾನೆ. ಅವಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಉಳ್ಳಾಗಡ್ಡಿ ಎಂದು ಅಚ್ಚುಕಟ್ಟಾಗಿ ಇತ್ತು. ಆದರೆ ಗಂಡ ಹೆಂಡತಿಗೆ ಒಂದೇ ಸರ್‌ನೇಮ್ ಇದ್ದರೆ ಪರದೇಶದಲ್ಲಿ ತಕರಾರಿರುವುದಿಲ್ಲ ಎಂಬ ಮುಂದಾಲೋಚನೆಯಿಂದ ಅಲ್ಲಿಯೂ ಬೋರಯ್ಯ ಎಂದು ಬರೆದು, ಸಹಿ ಹಾಕಿಸಿ ಮುಗಿಸಿದೆ.

ಆ ನಾಡಿನಲ್ಲಿ ಗುರುತಿಲ್ಲದವರನ್ನು ಕರೆಯುವುದೇ ಸರ್‌ನೇಮಿನಿಂದ. ಇಳಿದ ದಿನವೇ ಕೌಂಟರಿನಲ್ಲಿದ್ದ ಹುಡುಗ ನನ್ನತ್ತ ನೋಡಿ "ಹೆರ್ ಬೋರಯ್ಯ" ಎಂದ. ಅಭ್ಯಾಸಬಲದಿಂದ ಹಿಂದಕ್ಕೆ ತಿರುಗಿ ನೋಡಿದೆ, ಅಪ್ಪ ಬಂದನೇನೋ ಎಂದು. ಅಪ್ಪ ತೀರಿಕೊಂಡು ಇಪ್ಪತ್ತು ವರ್ಷವಾಗಿದೆ. ಹುಡುಗ ಮುಂದುವರಿದು ಹೆಂಡತಿಗೆ ಬಹಳ ಮರ್ಯಾದೆಯಿಂದ "ಫ್ರೌ ಬೋರಯ್ಯ" ಎಂದ. ಫ್ರೌ ಅಂದರೆ ಶ್ರೀಮತಿ ಎಂದು ಅವಳಿಗೆ ಗೊತ್ತಿರಲಿಲ್ಲ. ಹೇಳಿದವನು ನಾನೇ. ತಿಳಿದದ್ದನ್ನು ಹೇಳದೆ ಇರಲಾರದ ರೋಗ ನನಗೆ.

"ಅಯ್ಯ ಶಿವನ! ನಿಮ್ಮಪ್ಪನ ಹೇಣ್ತಿ ಮಾಡೀರಲ್ರೀ ನನ್ನ!" ಎಂದು ಅಲ್ಲೇ ನಿಂತಳು. ಮಾವನೆದುರು ಒಂದು ದಿನ ತಲೆಯ ಮೇಲಿನ ಸೆರಗು ಜಾರಿಸದವಳು.

ಮಗಳ ಸರ್‌ನೇಮ್ ಬೇರೆಯೇ. ಶಾಲೆಗೆ ಸೇರಿಸುವಾಗ ಅವಳ ಹೆಸರಿನ ಮುಂದೆ ನನ್ನದನ್ನು ಸೇರಿಸಿದ್ದರಿಂದ ಅವಳು ಫ್ರೌ ತಿಪ್ಪೇಸ್ವಾಮಿ. ಅಲ್ಲಿ ಮನೆಗಳ ಕರೆಗಂಟೆಯ ಪಕ್ಕ ಮನೆ ನಂಬರಿನ ಬದಲು ಅಡ್ಡಹೆಸರು ಬರೆದಿರುತ್ತದೆ. ತಿಪ್ಪೇಸ್ವಾಮಿ ಎಂದು ಬರೆದ ಬಾಗಿಲೊಳಗೆ ನಿಜವಾದ ತಿಪ್ಪೇಸ್ವಾಮಿ ಬೋರಯ್ಯನಾಗಿ ಎರಡು ತಿಂಗಳು ಬಾಳಿದ.

ಆ ಗಂಟೆಗಳ ಸಾಲನ್ನು ಹೆಂಡತಿ ದಿನಾ ಓದುತ್ತಿದ್ದಳು. ಮಗಳು ಅರ್ಥ ಹೇಳುತ್ತಿದ್ದಳು: ಶ್ಮಿಟ್ ಅಂದರೆ ಕಮ್ಮಾರ, ಶ್ನೈಡರ್ ಅಂದರೆ ದರ್ಜಿ, ತ್ಸಿಮ್ಮರ್‌ಮಾನ್ ಅಂದರೆ ಬಡಗಿ, ಮ್ಯುಲರ್ ಅಂದರೆ ಹಿಟ್ಟಿನ ಗಿರಣಿಯವನು. ಜರ್ಮನಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಮಂದಿಗಿರುವುದು ಈ ಗಿರಣಿಯ ಹೆಸರೇ. ಶುಲ್ತ್ಸೆ ಅಂದರೆ ಊರ ಮುಖ್ಯಸ್ಥನಂತೆ.

"ಪಾಟೀಲರು ಅನ್ನು" ಎಂದು ಅವಳ ಮುಖ ಅರಳಿತು. "ಕಮ್ಮಾರ, ಸಿಂಪಿ, ಬಡಿಗೇರ, ಎಲ್ಲಾ ನಮ್ಮ ಕಡೆ ಮಂದಿನ ಅದಾರ. ನಡುವ ನಿಮ್ಮಪ್ಪ ಒಬ್ರ ನೋಡವ್ವಾ, ಅಡ್ಡಹೆಸರಿಲ್ಲದವ್ರು." ಅಲ್ಲಿಂದ ಮುಂದೆ ಲಿಫ್ಟಿನಲ್ಲಿ ಸಿಕ್ಕ ಶ್ಮಿಟ್ ಅಜ್ಜಿಗೆ ಬೀಗರಿಗೆ ಮಾಡುವಂತೆ ಕೈಮುಗಿಯತೊಡಗಿದಳು. ಯುಗಾದಿಗೆ ಮಾಡಿದ ಹೋಳಿಗೆಯಲ್ಲಿ ಎರಡು ಆ ಮನೆಗೂ ಹೋದವು.

ಊರಿಗೆ ಬಂದ ಮೇಲೆ ಹೆಸರು ತಿದ್ದಿಸುತ್ತೇನೆ ಎಂದು ಅರ್ಜಿ ತೆರೆದೆ. ಅವಳು ನನ್ನ ಕನ್ನಡಕವನ್ನೇ ಎತ್ತಿಟ್ಟಳು. ನಾನು ಮತ್ತೆ ಪೆನ್ನು ಹಿಡಿದರೆ ತಾನು ಫ್ರೌ ಚಳ್ಳಕೆರೆಯಾಗಬಹುದೆಂಬ ಭಯ. ಅವಧಿ ಮುಗಿದಾಗ ತಾನೇ ಬರೆಯುತ್ತಾಳಂತೆ, ಉಳ್ಳಾಗಡ್ಡಿ ಎಂದು. ಪಾಸ್‌ಪೋರ್ಟಿನ ಅವಧಿ 10 ವರ್ಷ. ಮುಗಿದಿರುವುದು 2.