ಕಾಟಾ ಚೀಟಿ

ನಮ್ಮ ಮನೆಗೂ ಗುಮಾಸ್ತರ ಮನೆಗೂ ನಡುವೆ ಎದೆಮಟ್ಟದ ಗೋಡೆ. ಮೊಣಕೈ ಊರಿ ಊರಿ ಅದರ ತಲೆಯ ಮೇಲಿನ ಸುಣ್ಣ ಹೋಗಿಬಿಟ್ಟಿದೆ. ಮೊನ್ನೆ ಸಂಜೆ ಕರಿಬೇವಿನ ಗಿಡಕ್ಕೆ ನೀರು ಬಿಡುತ್ತಿದ್ದವರು ನನ್ನನ್ನು ಕಂಡು ಪೈಪು ಕೆಳಗೆ ಹಾಕಿದರು.

“ಏನ್ರಿ ಮಾಸ್ತರ, ಮುಖ ಜೊಳ್ಳು ಭತ್ತ ಆದಂಗ ಆಗೇತಲ್ಲ?”

“ಅರ್ಜಿ ತುಂಬಾಕ ಕುಂತಿದ್ದೆ ಗುಮಾಸ್ತರ.”

“ಮುಗೀತೇನು?”

“ಅರ್ಜಿ ಮುಗೀಲಿಲ್ಲ, ಸೆಷನ್ ಮುಗೀತು.”

“ಸೀಜನ್ನಾ?” ಗಾಬರಿಯಾದರು. “ಯಾರು ಹೇಳಿದ್ರು? ಸಲಹಾ ಸಮಿತಿ ಮೀಟಿಂಗ್ ಆತೇನು?”

ಅವರದೇನೂ ತಪ್ಪಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನಂಬಿ ಬದುಕುವ ಊರು ಶ್ರೀರಾಮನಗರ. ಕಾಲುವೆಗೆ ಎಂದು ನೀರು, ಎಂದು ಬಂದ್ ಎನ್ನುವುದನ್ನು ನೀರಾವರಿ ಸಲಹಾ ಸಮಿತಿ ಹೇಳಬೇಕು. ಅದರಲ್ಲೂ 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗಿನಿಂದ ‘ಸೀಜನ್’ ಅಂದರೆ ಸಾಕು, ಇಲ್ಲಿಯವರ ಎದೆ ಝಲ್ಲೆನ್ನುತ್ತದೆ. ಸೀಜನ್ ಅಲ್ಲ ಸೆಷನ್, ಕಂಪ್ಯೂಟರಿಂದು ಅಂತ ಬಿಡಿಸಿ ಹೇಳಿದ ಮೇಲೆ ಅವರಿಗೆ ಉಸಿರು ಬಂತು.

ಅರ್ಜಿ ಯಾವ ಇಲಾಖೆಯದು ಅಂತ ಕೇಳಬೇಡಿ. ಎಲ್ಲರ ಮನೆ ದೋಸೆಯೂ ತೂತೇ. ಮಗನ ಹಳೆ ಲ್ಯಾಪ್‌ಟಾಪಿನ ಮುಂದೆ ಕೂತು ಒಂದೇ ಬೆರಳಲ್ಲಿ ಹೆಸರು, ಅಪ್ಪನ ಹೆಸರು, ಆಧಾರ್, ಬ್ಯಾಂಕಿನ ಖಾತೆ ಎಲ್ಲ ಕುಟ್ಟಿದ್ದೆ. ಸರ್ವೆ ನಂಬರಿಗೆ ಬಂದಾಗ ಪಹಣಿ ಬೇಕಾಯಿತು. ಟ್ರಂಕು ತೆಗೆದೆ. ಪಹಣಿಗಿಂತ ಮೊದಲು ಮದುವೆ ಫೋಟೊ ಸಿಕ್ಕಿತು. ಮೀಸೆ ಕಪ್ಪಗಿದ್ದ ಕಾಲ, ಸ್ವಲ್ಪ ಹೊತ್ತು ನೋಡುತ್ತ ಕೂತೆ. ಆಮೇಲೆ ಪಹಣಿ ಹಿಡಿದುಕೊಂಡು ಬಂದು, ನಂಬರು ಹಾಕಿ ‘ಸಲ್ಲಿಸಿ’ ಒತ್ತಿದರೆ, ನಿಮ್ಮ ಸೆಷನ್ ಮುಗಿದಿದೆ, ಮತ್ತೆ ಲಾಗಿನ್ ಆಗಿ ಅಂತ ಬಂತು. ಆದೆ. ಅರ್ಜಿ ಬೋಳು ತಲೆಯ ಹಾಗೆ ಖಾಲಿ.

ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಹಚ್ಚಿ ಬೈದೆ. ಅವನೂ ಇಂಥವೇ ಕಟ್ಟುವವನು. “ಅಪ್ಪಾ, ಸರ್ವರಿಗೆ ನೆನಪೇ ಇರೋದಿಲ್ಲ. ಒಂದು ಪುಟ ಕೊಟ್ಟ ಕೂಡಲೇ ನಿನ್ನನ್ನ ಮರೀತೈತಿ. ಮುಂದಿನ ಪುಟ ಕೇಳಿದ್ರ ಮತ್ತ ಹೊಸಬನ” ಅಂದ. ಇದನ್ನು ಗೋಡೆಯ ಮೇಲಿಂದ ದಾಟಿಸಿದೆ.

ಗುಮಾಸ್ತರು ನಕ್ಕರು. “ಹಂಗಾರ ಅದು ನಮ್ಮ ಕಾಟಾ ಬಿಡ್ರಿ.”

ಡ್ಯಾಮ್ ಆದ ಮೇಲೆ ನೀರಿನ ಬೆನ್ನು ಹತ್ತಿ ಆಂಧ್ರದಿಂದ ಬಂದು ಕ್ಯಾಂಪ್ ಹಾಕಿದವರ ಮಗ ಅವರು. ಮನೆಯೊಳಗೆ ತೆಲುಗು, ಗೋಡೆಯ ಮೇಲೆ ಕನ್ನಡ. ಜೀವಮಾನವಿಡೀ ರೈಸ್ ಮಿಲ್ಲಿನಲ್ಲಿ ಲಾರಿ ತೂಗುವ ಕಾಟಾದ ಲೆಕ್ಕ ಬರೆದಿದ್ದಾರೆ.

“ನೋಡ್ರಿ, ಭತ್ತದ ಲಾರಿ ಕಾಟಾ ಹತ್ತತೈತಿ. ತುಂಬಿದ ತೂಕ ಬರ್ಕೊಂತೀವಿ. ಒಳಗ ಹೋಗಿ ಹಮಾಲರು ಇಳಿಸಿದ ಮ್ಯಾಲ ಖಾಲಿ ಗಾಡಿ ಮತ್ತ ಹತ್ತತೈತಿ. ಇದು ಆಗಿನ ಲಾರೀನ ಅಂತ ಆ ಕಬ್ಬಿಣಕ್ಕ ಹೆಂಗ ಗೊತ್ತಾಗಬೇಕು? ಅದಕ್ಕ ಗೊತ್ತಿರೂದು ಭಾರ ಅಷ್ಟ. ಅದಕ್ಕ ಡ್ರೈವರ್ ಕೈಯಾಗ ಒಂದು ಚೀಟಿ. ಚೀಟಿ ಮ್ಯಾಲ ನಂಬರ್ ಮಾತ್ರ, ಲೆಕ್ಕ ಎಲ್ಲಾ ನಮ್ಮ ಪುಸ್ತಕದಾಗ.”

ಮಗ ಅರ್ಧ ಗಂಟೆ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ. ಆ ಚೀಟಿಗೆ ಅವನ ಕಡೆ ‘ಕುಕಿ’ ಅನ್ನುತ್ತಾರೆ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲ್ಲಿ ಎಂಬಾತ ಅದನ್ನು ಬ್ರೌಸರಿಗೆ ತಂದ. ಅಂತರಜಾಲದ ಅಂಗಡಿಯಲ್ಲಿ ಗಿರಾಕಿ ಬುಟ್ಟಿಗೆ ಹಾಕಿದ ಸಾಮಾನು ಮುಂದಿನ ಪುಟಕ್ಕೆ ಹೋಗುವಷ್ಟರಲ್ಲಿ ಮಾಯವಾಗಬಾರದು ಎಂದು. ನಾವು ಪಾಸ್‌ವರ್ಡ್ ಕೊಟ್ಟಾಗ ಸರ್ವರು ಒಂದು ನಂಬರಿನ ಚೀಟಿ ಕೊಡುತ್ತದೆ. ಆಮೇಲೆ ಪ್ರತಿ ಸಲ ಒತ್ತಿದಾಗಲೂ ಬ್ರೌಸರು ಆ ಚೀಟಿ ತೋರಿಸುತ್ತದೆ. ಸರ್ವರು ಗುರುತಿಸುವುದು ನನ್ನನ್ನಲ್ಲ, ನನ್ನ ಚೀಟಿಯನ್ನು.

“ಹಂಗಾರ ಚೀಟಿ ಕದ್ದವನ ಯಜಮಾನ” ಅಂದರು ಗುಮಾಸ್ತರು. ಮಿಲ್ಲಿನವರಿಗೆ ಕಳ್ಳದಾರಿ ಮೊದಲು ಕಾಣುತ್ತದೆ. “ನೂರಾ ಒಂದು, ನೂರಾ ಎರಡು ಅಂತ ಸಾಲಾಗಿ ನಂಬರ್ ಕೊಟ್ರ ನೂರಾ ಮೂರು ನಾನ ಬರ್ಕೊಂಡು ಬರ್ತೀನಿ.”

ಅದಕ್ಕೇ ಊಹಿಸಲಾಗದ ಉದ್ದದ ನಂಬರು ಕೊಡುತ್ತಾರಂತೆ. ಕದಿಯುವವರೂ ಇದ್ದರು. 2010ರಲ್ಲಿ ಎರಿಕ್ ಬಟ್ಲರ್ ಎಂಬಾತ ‘ಫೈರ್‌ಶೀಪ್’ ಅನ್ನುವ ಸಣ್ಣ ಸಾಧನ ಬಿಟ್ಟ. ಬೀಗವಿಲ್ಲದ ವೈಫೈನಲ್ಲಿ ಪಕ್ಕದ ಮೇಜಿನವನ ಚೀಟಿ ಎತ್ತಿಕೊಂಡು ಅವನ ಫೇಸ್‌ಬುಕ್ಕಿಗೆ ನುಗ್ಗುವುದು ಎಷ್ಟು ಸಲೀಸು ಎಂದು ತೋರಿಸುವುದೇ ಅವನ ಉದ್ದೇಶ. ದಾರಿಯಲ್ಲಿ ಯಾರೂ ಚೀಟಿ ಓದದ ಹಾಗೆ ಇಡೀ ಮಾತುಕತೆಗೇ ಮುಸುಕು ಹಾಕುವ ಪದ್ಧತಿ ಆಮೇಲಿನ ವರ್ಷಗಳಲ್ಲಿ ಎಲ್ಲ ಕಡೆ ಬಂತು. 2018ರ ಸೆಪ್ಟೆಂಬರಿನಲ್ಲಂತೂ ಫೇಸ್‌ಬುಕ್ಕಿನಲ್ಲೇ ಇಂಥ ಚೀಟಿಗಳು ಕಳ್ಳರ ಕೈಗೆ ಹೋದವು. ಸುಮಾರು 5 ಕೋಟಿ ಖಾತೆಗಳಿಗೆ ಧಕ್ಕೆ ಎಂದು ಮೊದಲು ಹೇಳಿದ ಕಂಪನಿ, ಅನುಮಾನಕ್ಕೆ ಇನ್ನಷ್ಟು ಸೇರಿಸಿ ಸುಮಾರು 9 ಕೋಟಿ ಖಾತೆಗಳ ಚೀಟಿ ರದ್ದು ಮಾಡಿತು.

“ಚೀಟಿ ಹರಿಯಾಕ ಮನಿಮನಿಗೆ ಹೋಗಿದ್ರೇನು?”

“ಇಲ್ಲ, ಪುಸ್ತಕದಾಗ ಗೀಟು ಹೊಡೆದ್ರು.”

“ಅದು ಸರಿ” ಅಂದರು. ಡ್ರೈವರ್ ಚೀಟಿ ಹರಿದು ಬಿಸಾಕಿದರೆ ಏನೂ ಆಗುವುದಿಲ್ಲ, ಪುಸ್ತಕದಲ್ಲಿ ಗೀಟು ಬೀಳುವವರೆಗೆ ಆ ನಂಬರು ಜೀವಂತ ಅನ್ನುವುದು ಅವರಿಗೆ ಅನುಭವದ ಮಾತು. ಬ್ರೌಸರನ್ನು ಸುಮ್ಮನೆ ಮುಚ್ಚುವುದಕ್ಕೂ ಲಾಗ್‌ಔಟ್ ಒತ್ತುವುದಕ್ಕೂ ಇರುವ ವ್ಯತ್ಯಾಸ ಇದೇ. ಲಾಗ್‌ಔಟ್ ಗುಂಡಿ ಇಟ್ಟು, ಒಳಗೆ ಪುಸ್ತಕಕ್ಕೆ ಗೀಟು ಹೊಡೆಯದ ಪುಣ್ಯಾತ್ಮರೂ ಇದ್ದಾರೆ ಎಂದು ಮಗ ಹೇಳುತ್ತಾನೆ.

ಒಮ್ಮೊಮ್ಮೆ ನಾವು ಕೆಲಸ ಮಾಡುತ್ತಿರುವಾಗಲೇ ಹೊರಗೆ ಹಾಕುತ್ತದಲ್ಲ, ಅದು ಯಾಕೆ ಎಂದು ಮಗನನ್ನು ಕೇಳಿದ್ದೆ. ಅವನು ಹೇಳಿದ್ದನ್ನು ಗುಮಾಸ್ತರ ಮಾತಿನಲ್ಲಿ ಹೇಳಿದರೆ, ದೊಡ್ಡ ಕಡೆ ಒಂದೇ ಸರ್ವರು, ಅಂದರೆ ಒಂದೇ ಕಾಟಾ ಇರುವುದಿಲ್ಲ, ನಾಲ್ಕಾರು ಇರುತ್ತವೆ. ಒಂದರಲ್ಲಿ ತುಂಬಿದ ತೂಕ ಬರೆಸಿ ಇನ್ನೊಂದಕ್ಕೆ ಹೋದರೆ ಅಲ್ಲಿಯ ಗುಮಾಸ್ತ ‘ನೀನ್ಯಾರಪ್ಪ’ ಅನ್ನುತ್ತಾನೆ. ಎಲ್ಲ ಕಾಟಾಕ್ಕೂ ಒಂದೇ ಪುಸ್ತಕ ಇಡಬೇಕು, ಇಲ್ಲ ಬಂದ ಲಾರಿಯನ್ನು ಮೊದಲಿನ ಕಾಟಾಕ್ಕೇ ಕಳಿಸಬೇಕು.

ನನ್ನ ಸಿಟ್ಟು ಇರುವುದು ಗಡಿಯಾರದ ಮೇಲೆ. ಸುಮ್ಮನೆ ಕೂತರೆ ಎಷ್ಟು ಹೊತ್ತಿಗೆ ಚೀಟಿ ಸಾಯಬೇಕು? ಪಿಎಚ್‌ಪಿ ಭಾಷೆಯಲ್ಲಿ ಮೊದಲೇ ಇಟ್ಟಿರುವ ಲೆಕ್ಕ 1440 ಸೆಕೆಂಡು, ಅಂದರೆ 24 ನಿಮಿಷ. ಜಾವಾದವರ ಟಾಮ್‌ಕ್ಯಾಟ್‌ನಲ್ಲಿ 30 ನಿಮಿಷ. ಕಟ್ಟುವವರು ಬೇಕಾದರೆ ಬದಲಿಸಬಹುದು, ಬಹಳ ಮಂದಿ ಬದಲಿಸುವುದಿಲ್ಲ. ಹತ್ತು ಬೆರಳಿನವನ ಅಳತೆಯ ಅಂಗಿ ಒಂದು ಬೆರಳಿನವನಿಗೆ ತೊಡಿಸಿದ್ದಾರೆ! ಸರ್ಕಾರದ ಅರ್ಜಿಯಲ್ಲಿ ಟ್ರಂಕಿಗೂ ಸಮಯ ಇಡಬೇಕು. ಟೈಮ್ ಮುಗಿದರೆ ಬಾಗಿಲು ಹಾಕಲಿ, ಬೇಡ ಅನ್ನುವುದಿಲ್ಲ. ಆದರೆ ಬರೆದದ್ದನ್ನು ತೆಗೆದಿಟ್ಟು, ಮತ್ತೆ ಲಾಗಿನ್ ಆದಾಗ ಕೊಡಲಿ. ಲಾರಿ ತಡ ಆಯಿತು ಎಂದು ಯಾವ ಮಿಲ್ಲಿನವರೂ ಇಳಿಸಿದ ಭತ್ತ ಕಾಲುವೆಗೆ ಸುರಿಯುವುದಿಲ್ಲ.

“ಅಲ್ರಿ, ಟೈಮೇ ಇಡಬಾರದು” ಅಂದರು ಗುಮಾಸ್ತರು.

ಅದಕ್ಕೆ ನಾನು ಒಪ್ಪಲಿಲ್ಲ. ಆನ್‌ಲೈನ್ ಅರ್ಜಿ ತುಂಬಿಸುವ ಅಂಗಡಿಯ ಕಂಪ್ಯೂಟರಿನ ಮುಂದೆ ದಿನಕ್ಕೆ ಎಷ್ಟು ಜನ ಕೂರುತ್ತಾರೆ? ಒಬ್ಬ ಚೀಟಿ ಬಿಟ್ಟು ಎದ್ದುಹೋದರೆ ಆಮೇಲೆ ಬಂದವನು ಅವನ ಲೆಕ್ಕದಲ್ಲೇ ಮುಂದುವರಿಯಬಹುದು. “ನೀವ ಹೇಳ್ರಿ, ವಾಟ್ಸಾಪಿನಾಗ ಬಂದ ಕಾಗದ ಪ್ರಿಂಟ್ ತೆಗಿಸಾಕ ಏನ್ ಮಾಡ್ತೀರಿ?”

“ಜೆರಾಕ್ಸ್ ಅಂಗಡ್ಯಾಗ ಆ ಚೌಕ ಚಿತ್ರಕ್ಕ ಫೋನ್ ಹಿಡೀತೀನಿ. ಅಲ್ಲಿ ತೆರೀತೈತಿ.”

“ಆಮ್ಯಾಲ?”

“ಆಮ್ಯಾಲೇನು, ರೊಕ್ಕ ಕೊಟ್ಟು ಬರ್ತೀನಿ.”

ಫೋನ್ ತರಿಸಿದೆ. ವಾಟ್ಸಾಪಿನ ಮೂರು ಚುಕ್ಕಿ ಒತ್ತಿ ‘ಲಿಂಕ್ಡ್ ಡಿವೈಸಸ್’ ತೆಗೆದರೆ ಸಾಲಾಗಿ ಮೂರು ಕಂಪ್ಯೂಟರ್. ಗುಮಾಸ್ತರ ಮನೆಯಲ್ಲಿ ಕಂಪ್ಯೂಟರೇ ಇಲ್ಲ. ಒಂದರ ಎದುರು, ಅದೇ ದಿನ ಮಧ್ಯಾಹ್ನ ಎರಡೂವರೆಗೆ ಚಾಲ್ತಿಯಲ್ಲಿತ್ತು ಅಂತ ಇತ್ತು.

“ಎರಡೂವರೆಗೆ ನಾನು ಮಲಗಿದ್ದೆನಲ್ರಿ!”

ಮೂರಕ್ಕೂ ಗೀಟು ಹೊಡೆದೆವು. ಅಷ್ಟರಲ್ಲಿ ಪೈಪಿನ ನೀರು ಹರಿದು ಅವರ ಅಂಗಳವೆಲ್ಲ ಕೆಸರುಗದ್ದೆ ಆಗಿತ್ತು. ನಿಮ್ಮ ಫೋನಿನಲ್ಲಿ ಎಷ್ಟಿವೆ, ಒಮ್ಮೆ ತೆಗೆದು ನೋಡಿ.