ಒತ್ತಿ, ಹಿಡ್ಕೊಳ್ಳಿ, ಬಿಡಬೇಡಿ

ಕಾರು ಕೊಂಡವನನ್ನು ನಮ್ಮ ಜನ ಕೇಳುವ ಮೊದಲ ಪ್ರಶ್ನೆ 'ಎಷ್ಟು ಕೊಡುತ್ತೆ?' ಎರಡನೆಯದು 'ಎಷ್ಟಕ್ಕೆ ಬಿತ್ತು?' ಕೇಳುವವರು ಹತ್ತಿರದ ನೆಂಟರಾಗಿದ್ದರೆ ಮೂರನೆಯದೂ ಇರುತ್ತದೆ: 'ಸಾಲಾನಾ?' 'ನಿಲ್ಲುತ್ತಾ?' ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಿಲ್ಲುವುದು ಕಾರಿನ ಹುಟ್ಟುಗುಣ, ಅದಕ್ಕೆ ಬೇರೆ ಏರ್ಪಾಡು ಬೇಕಿಲ್ಲ ಎಂಬ ನಂಬಿಕೆ. ನಮ್ಮ ಮನೆಯ ಪದ್ಮಿನಿಯನ್ನು ಒಮ್ಮೆ ಓಡಿಸಿದವರಿಗೆ ಆ ನಂಬಿಕೆ ಉಳಿಯುತ್ತಿರಲಿಲ್ಲ.

ನಿಲ್ಲುತ್ತಿರಲಿಲ್ಲ ಎನ್ನಲಾರೆ. ನಿಲ್ಲುತ್ತಿತ್ತು, ಮುಂಚಿತವಾಗಿ ಅರ್ಜಿ ಹಾಕಿಕೊಳ್ಳಬೇಕಿತ್ತು, ಅಷ್ಟೆ. ಮೊದಲ ಸಲ ಒತ್ತಿದಾಗ ಪೆಡಲ್ಲು ಅರ್ಧ ದೂರ ಸುಮ್ಮನೆ ಕೆಳಗಿಳಿಯುತ್ತಿತ್ತು. ಎರಡನೇ ಸಲಕ್ಕೆ ಕಾಲಿಗೆ ಏನೋ ಸಿಕ್ಕಂತಾಗುತ್ತಿತ್ತು. ಮೂರನೇ ಸಲಕ್ಕೆ ಗಾಡಿ ಎಡಕ್ಕೆ ಎಳೆದುಕೊಂಡು, ಕಿರ್ರೆಂದು, ನಾವು ನಿಲ್ಲಬೇಕೆಂದುಕೊಂಡ ಜಾಗವನ್ನು ದಾಟಿ ನಿಲ್ಲುತ್ತಿತ್ತು. ಸರಸ್ವತೀಪುರಂನಲ್ಲಿ ನಿಲ್ಲಬೇಕಾದರೆ ಕುವೆಂಪುನಗರದಿಂದಲೇ ಒತ್ತಿಕೊಂಡು ಬರಬೇಕು ಎಂದು ನನ್ನ ಹೆಂಡತಿ ಹೇಳುತ್ತಿದ್ದುದು ಉತ್ಪ್ರೇಕ್ಷೆ.

ಇದರಲ್ಲಿ ಗಾಡಿಯ ತಪ್ಪೇನೂ ಇಲ್ಲ, ವಯಸ್ಸಿನದು. 1976ರ ಗಾಡಿ. ಅಪ್ಪ ಅದನ್ನು 1988ರಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡರು. ಇಟಲಿಯ ಫಿಯೆಟ್ 1100 ಮುಂಬೈಯ ಕುರ್ಲಾದಲ್ಲಿ ತಯಾರಾಗತೊಡಗಿ, 1974ರಲ್ಲಿ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡರೂ ಅಪ್ಪನ ಬಾಯಲ್ಲಿ ಅದು ಇವತ್ತಿಗೂ 'ಫಿಯೆಟ್ಟು'. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು, ಮುಂದುಗಡೆ ಉದ್ದಕ್ಕೆ ಒಂದೇ ಸೀಟು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಅಪ್ಪನ ಕಣ್ಣಿಗೆ ಪೊರೆ ಬಂದ ಕಾಲದಲ್ಲಿ ಟಾರ್ಪಾಲಿನ ಕೆಳಗೆ ಸೇರಿದ್ದು, ಪೊರೆ ತೆಗೆಸಿದ ಮೇಲೂ ಅಲ್ಲೇ ಉಳಿಯಿತು. ನಾನು ಟಾರ್ಪಾಲು ಎತ್ತಿದ ದಿನದಿಂದ ಅದಕ್ಕೆ 'ಪ್ರಾಜೆಕ್ಟ್ ಕಾರ್' ಎಂಬ ಬಿರುದು. ಓಡದ ಕಾರು ಸುಮ್ಮನೆ ಮನೆಮುಂದೆ ನಿಂತಿದ್ದರೆ ಗುಜರಿಯವನು ಬಂದು ಗೇಟು ಅಲ್ಲಾಡಿಸುತ್ತಾನೆ. ಅದೇ ಕಾರಿನ ಬಾನೆಟ್ ಎತ್ತಿ, ಪಕ್ಕದಲ್ಲೊಂದು ಸ್ಪ್ಯಾನರ್ ಇಟ್ಟರೆ ಸಾಕು, ವಾಕಿಂಗ್ ಹೊರಟವರು ನಿಂತು ಗೌರವದಿಂದ ನೋಡುತ್ತಾರೆ.

2023ರ ಅಕ್ಟೋಬರ್ ಕೊನೆಗೆ ಮುಂಬೈಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳು ಮರೆಯಾದಾಗ ಪತ್ರಿಕೆಗಳು ಕಂಬನಿ ಮಿಡಿದವು. ಅಪ್ಪ ಪೂರ್ತಿ ಓದಿ, ಪೇಪರ್ ಮಡಚಿಟ್ಟು, 'ಇನ್ಮೇಲೆ ಪಾರ್ಟ್ಸ್ ಅಗ್ಗ ಆಗತ್ತೆ' ಅಂದರು. ಖಜಾನೆಯಲ್ಲಿ ಕೆಲಸ ಮಾಡಿ ರಿಟೈರಾದವರು.

ಬ್ರೇಕಿನ ವಿಷಯದಲ್ಲಿ ಅಪ್ಪನದು ಬೇರೆಯೇ ಪಂಥ. ಅವರ ಪ್ರಕಾರ ಬ್ರೇಕ್ ಒತ್ತುವುದು ಡ್ರೈವರಿಗೆ ಅವಮಾನ. 'ನೀನು ಬ್ರೇಕ್ ಹಾಕ್ದೆ ಅಂದ್ರೆ ಮುಂದೆ ಏನಿದೆ ಅಂತ ನೋಡಿರ್ಲಿಲ್ಲ ಅಂತ ಕಣೋ.' ದೂರದಲ್ಲಿ ಹಸು ಕಂಡರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ಹತ್ತಿರ ಬಂದರೆ ಗೇರು ಇಳಿಸಬೇಕು. ಇನ್ನೂ ಹತ್ತಿರ ಬಂದರೆ ಹಾರ್ನು. ಅಷ್ಟಕ್ಕೂ ಕದಲದಿದ್ದರೆ ಅದು ಹಸುವಿನ ವಿವೇಚನೆಗೆ ಬಿಟ್ಟದ್ದು. ಬೆಟ್ಟವಾದರೆ, ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ.

ನಗುವ ಹಾಗಿಲ್ಲ, ಭೌತಶಾಸ್ತ್ರ ಅಪ್ಪನ ಕಡೆಗೇ ಇದೆ. ಓಟವನ್ನು ಶಾಖವಾಗಿ ಮಾರ್ಪಡಿಸುವುದಷ್ಟೇ ಬ್ರೇಕಿನ ಕೆಲಸ. ಸುಮಾರು 900 ಕೆ.ಜಿ. ತೂಕದ ಗಾಡಿ ಬೆಟ್ಟ ಇಳಿಯುವಾಗ ಸುಮ್ಮನೆ ಬ್ರೇಕ್ ಮೆಟ್ಟಿಕೊಂಡೇ ಬಂದರೆ ಶಾಖವೆಲ್ಲ ಡ್ರಮ್ಮಿನೊಳಗೆ ಸೇರುತ್ತದೆ. ಡ್ರಮ್ಮು ಕಾದು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಲೈನರ್ ಹಿಡಿತ ಬಿಡುತ್ತದೆ. ಬ್ರೇಕ್ ಆಯಿಲ್ಲಿನ ಕಥೆ ಇನ್ನೂ ಸೊಗಸು: ಅದು ಗಾಳಿಯಲ್ಲಿರುವ ತೇವವನ್ನು ಕುಡಿಯುತ್ತಾ ಕೂರುತ್ತದೆ. ಹೊಸ ಡಾಟ್ 3 ಆಯಿಲ್ ಕುದಿಯುವುದು 205 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲೆ. ನೀರು ಕುಡಿದ ಹಳೆಯದಕ್ಕೆ 140 ಸಾಕು. ಕುದಿದರೆ ಪೈಪಿನಲ್ಲಿ ಆವಿ, ಆವಿಯನ್ನು ಎಷ್ಟು ಒತ್ತಿದರೂ ಅದು ತಾನು ಕುಗ್ಗುತ್ತದೆಯೇ ಹೊರತು ಚಕ್ರದವರೆಗೆ ಸುದ್ದಿ ಮುಟ್ಟಿಸುವುದಿಲ್ಲ. ನಮ್ಮ ಗಾಡಿಯ ಆಯಿಲ್ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ವೇಗ ಎರಡು ಪಟ್ಟಾದರೆ ನಿಲ್ಲಿಸುವ ಕೆಲಸ ನಾಲ್ಕು ಪಟ್ಟಾಗುತ್ತದೆ ಎಂದು ನಾನು ಲೆಕ್ಕ ಬಿಡಿಸಿ ಹೇಳಿದ್ದಕ್ಕೆ ಅಪ್ಪ, 'ಅದಕ್ಕೇ ನಾನು ನಲವತ್ತರ ಮೇಲೆ ಹೋಗಲ್ಲ' ಎಂದು ಲೆಕ್ಕವನ್ನೇ ಮುಗಿಸಿದರು.

ಮತ್ತೊಂದು ಪಂಥ ನನ್ನ ಹೆಂಡತಿಯದು. ಅವಳು ಪದ್ಮಿನಿಯಲ್ಲಿ ಎಡಗಡೆ ಕೂರುತ್ತಾಳೆ. ಎಡಗಡೆ ಕೂತು ಬಲಗಾಲಿನಲ್ಲಿ ಬ್ರೇಕ್ ಒತ್ತುತ್ತಾಳೆ. ಅಲ್ಲಿರುವುದು ಪೆಡಲ್ಲಲ್ಲ, ರಬ್ಬರ್ ಮ್ಯಾಟು. ಮುಂದೆ ಆಟೋ ತಿರುಗಿದರೆ ಒಂದು ಒತ್ತು, ಬಸ್ ನಿಂತರೆ ಎರಡು, ನಾನು ಮಾತಾಡುತ್ತಾ ಅವಳ ಕಡೆ ತಿರುಗಿದರೆ ಒತ್ತಿದ ಕಾಲು ತೆಗೆಯುವುದೇ ಇಲ್ಲ. ಆ ಮ್ಯಾಟು ಹಿಮ್ಮಡಿಯಷ್ಟು ಅಗಲಕ್ಕೆ ಸವೆದು ಕೆಳಗಿನ ತಗಡು ಇಣುಕುತ್ತದೆ. ಡ್ರೈವರ್ ಕಡೆಯ ಮ್ಯಾಟು ಹೊಸದರ ಹಾಗಿದೆ. ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಹಾಕಿಬಿಡುವುದು ಎಂದು ನಾನು ತೀರ್ಮಾನಿಸಿದ್ದು ಆ ತೂತನ್ನು ನೋಡಿ.

ಡಿಸ್ಕ್ ಎಂದರೆ ಈಗಿನ ಹುಡುಗರ ಶೋಕಿ ಎಂದು ಅಪ್ಪನ ಆಕ್ಷೇಪ. ಹಾಗೇನಿಲ್ಲ, ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ, ಆದರೆ ಆಗ ಪ್ಯಾಡಿಗೆ ಸಿಕ್ಕಿದ್ದು ತಾಮ್ರ, ಅಂದಿನ ದೂಳು ರಸ್ತೆಗಳಲ್ಲಿ ಬೇಗ ಸವೆದುಹೋಗುತ್ತಿತ್ತು. 1953ರಲ್ಲಿ ಲೆ ಮಾನ್ ರೇಸನ್ನು ಜಾಗ್ವಾರ್ ಡಿಸ್ಕ್ ಬ್ರೇಕಿನ ಬಲದಿಂದ ಗೆದ್ದ ಮೇಲೆಯೇ ಜನ ಅದನ್ನು ನಂಬಿದ್ದು ಎಂದು ವಿವರಿಸಿದೆ. 'ಅಂದ್ರೆ ಐವತ್ತು ವರ್ಷ ಕಾದ್ರು. ನೀನೂ ಕಾಯಿ' ಅಂದರು.

ಹೆಂಡತಿಯ ಆಕ್ಷೇಪ ಕಾನೂನಿನದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್.ಸಿ.ಯಲ್ಲಿರುವ ವಿವರಗಳು ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಆರ್.ಸಿ. ತೆಗೆದು ನೋಡಿದೆವು. ಬಣ್ಣಕ್ಕೆ ಕಾಲಂ ಇದೆ, ಎಷ್ಟು ಜನ ಕೂರಬಹುದು ಎನ್ನುವುದಕ್ಕಿದೆ, ಖಾಲಿ ಗಾಡಿಯ ತೂಕಕ್ಕಿದೆ. ಬ್ರೇಕಿಗೆ ಇಲ್ಲ. ಆದರೂ ಹದಿನೈದು ವರ್ಷ ದಾಟಿದ ಗಾಡಿಯನ್ನು ಐದು ವರ್ಷಕ್ಕೊಮ್ಮೆ ಆರ್.ಟಿ.ಒ.ಗೆ ಒಯ್ದು ತೋರಿಸಬೇಕಲ್ಲ, ಅಲ್ಲಿ ಇನ್‌ಸ್ಪೆಕ್ಟರು ಬ್ರೇಕ್ ನೋಡುತ್ತಾರೆ. ಇಡೀ ದೇಶದಲ್ಲಿ 'ನಿಲ್ಲುತ್ತಾ?' ಎಂದು ಕೇಳುವ ಮನುಷ್ಯ ಅವರೊಬ್ಬರೇ. ಅವರ ಮುಂದೆ ಮೂರು ಸಲ ಪೆಡಲ್ ತುಳಿಯುವುದಕ್ಕಿಂತ ಡಿಸ್ಕ್ ತೋರಿಸಿ ಬೈಸಿಕೊಳ್ಳುವುದೇ ಮರ್ಯಾದೆ ಎಂದು ನಾನು ವಾದಿಸಿದೆ.

ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಬೇರೊಂದು ಸಣ್ಣ ಕಾರಿನ ಡಿಸ್ಕು, ಕ್ಯಾಲಿಪರ್ ಸಿಕ್ಕವು. ಪ್ಯಾಡು, ಹೋಸು, ರಬ್ಬರ್ ಕಿಟ್ಟು ಜೆ.ಸಿ. ರಸ್ತೆಯಲ್ಲಿ. 'ಒರಿಜಿನಲ್ಲಾ?' ಎಂದರೆ ಅಂಗಡಿಯವರು 'ಒರಿಜಿನಲ್ ಥರಾನೇ ಸಾರ್' ಎಂದರು. ಆ 'ಥರಾನೇ' ಕೇಳಿ ಪಕ್ಕದ ಅಂಗಡಿಗೆ ಹೋದೆ.

ಮುಂದಿನದು ಕೌಪೀನ ಉಳಿಸಿಕೊಳ್ಳಲು ಬೆಕ್ಕು ಸಾಕಿದ ಸನ್ಯಾಸಿಯ ಕಥೆ. ಡಿಸ್ಕ್ ಕೂರಿಸಲು ಬ್ರಾಕೆಟ್ ಬೇಕು, ಬ್ರಾಕೆಟ್ಟಿಗೆ ಲೇತ್ ಅಂಗಡಿ ಬೇಕು. ಬ್ರಾಕೆಟ್ ಕೂತ ಮೇಲೆ ರಿಮ್ಮು ಕ್ಯಾಲಿಪರಿಗೆ ತಾಗುತ್ತದೆ, ಹಾಗಾಗಿ ರಿಮ್ಮು ಬೇರೆ ಬೇಕು. ಕ್ಯಾಲಿಪರಿನ ಪಿಸ್ಟನ್ ದಪ್ಪ, ಅದು ಕೇಳುವಷ್ಟು ಆಯಿಲ್ ತಳ್ಳಲು ಹಳೆಯ ಮಾಸ್ಟರ್ ಸಿಲಿಂಡರಿಗೆ ಶಕ್ತಿ ಸಾಲದು. ಅಲ್ಲದೆ ಡ್ರಮ್ಮಿನ ಮಾಸ್ಟರ್ ಸಿಲಿಂಡರಿನಲ್ಲಿ ಒಂದು ಸಣ್ಣ ವಾಲ್ವ್ ಇರುತ್ತದೆ. ಕಾಲು ತೆಗೆದ ಮೇಲೂ ಪೈಪಿನಲ್ಲಿ ಒಂದಿಷ್ಟು ಒತ್ತಡ ಉಳಿಸಿಕೊಳ್ಳುತ್ತದೆ. ಡ್ರಮ್ಮಿಗೆ ಅದು ಬೇಕು. ಡಿಸ್ಕಿಗೆ ಅದೇ ಇದ್ದರೆ ಪ್ಯಾಡುಗಳು ಸದಾ ಉಜ್ಜುತ್ತಲೇ ಇರುತ್ತವೆ. ಹೊಸ ಮಾಸ್ಟರ್ ಸಿಲಿಂಡರ್ ಬಂತು. ಮಂಡಿ ಮೊಹಲ್ಲಾದ ನಮ್ಮ ಉಸ್ತಾದರು ಬಂದು, ಪಟ್ಟಿಯನ್ನು ನೋಡಿ, 'ಸಾರ್, ಇಷ್ಟಕ್ಕೆ ಇನ್ನೊಂದು ಕಾರೇ ಬರೋದಲ್ಲ' ಎಂದು ನನಗೊಬ್ಬನಿಗೇ ಕೇಳುವಂತೆ ಹೇಳಿದರು. ಒಳ್ಳೆಯ ಮನುಷ್ಯ.

ಹಳೇ ಡ್ರಮ್ಮು ಕಳಚಲು ಒಂದು ಭಾನುವಾರ ಹೋಯಿತು. ಸೀಮೆಎಣ್ಣೆ ಹಾಕಿ, ಮರದ ಸುತ್ತಿಗೆಯಲ್ಲಿ ಸುತ್ತಲೂ ತಟ್ಟುತ್ತಾ ಬಂದರೆ ಒಂದು ಹಂತದಲ್ಲಿ ಸದ್ದು ಬದಲಾಗುತ್ತದೆ. ಆಗ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ಎಳೆಯಬೇಕು. ಒಳಗೆ ಲೈನರ್ ರಿವಿಟ್ಟಿನ ಮಟ್ಟಕ್ಕೆ ಸವೆದಿತ್ತು, ವೀಲ್ ಸಿಲಿಂಡರಿನ ರಬ್ಬರ್ ಅಂಚಿನಿಂದ ಆಯಿಲ್ ಜಿನುಗಿ ಶೂ ಮೇಲೆ ಕಪ್ಪನೆಯ ಜಿಗುಟು ಕಟ್ಟಿತ್ತು, ಹಿಂಬದಿಯ ತಟ್ಟೆಗೆ ಕಣಜ ಬಂದು ಮಣ್ಣಿನ ಗೂಡು ಮೆತ್ತಿತ್ತು. ಪುಡಿಯನ್ನು ಉಫ್ ಎಂದು ಊದಲು ಬಗ್ಗಿದ ಅಪ್ಪನನ್ನು ತಡೆದೆ. ಹಳೇ ಲೈನರುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ, ಒದ್ದೆ ಬಟ್ಟೆಯಲ್ಲೇ ಒರೆಸಬೇಕು. 'ಇಷ್ಟು ವರ್ಷ ಊದಿದೀನಿ' ಎಂದರು. ಒರೆಸಿದ ಬಟ್ಟೆ ಅವರ ಹಳೇ ಪಂಚೆ ಎಂದು ಗೊತ್ತಾದಾಗ ಆಸ್‌ಬೆಸ್ಟಾಸ್ ವಿಷಯ ಹಿಂದಕ್ಕೆ ಸರಿಯಿತು.

ಎಲ್ಲ ಜೋಡಿಸಿದ ಮೇಲೆ ಉಳಿದದ್ದು ಏರ್ ತೆಗೆಯುವ ಕೆಲಸ. ಇದನ್ನು ಒಬ್ಬರೇ ಮಾಡುವಂತಿಲ್ಲ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹಿಂದಿನ ನಿಪ್ಪಲ್ ಸಡಿಲಿಸಬೇಕು. ಗಾಳಿ ಗುಳ್ಳೆಯಾಗಿ ಹೊರಬರುತ್ತದೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ಕಾಲು ತೆಗೆಯಬೇಕು. ಮೊದಲೇ ತೆಗೆದರೆ ಹೋದ ಗಾಳಿ ವಾಪಸ್ ಬರುತ್ತದೆ. ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು, ಅಂದರೆ ಹಿಂದಿನ ಎಡಗಡೆಯದು. ನಾನು ಅಲ್ಲಿ ನೆಲಕ್ಕೆ ಗೋಣಿಚೀಲ ಹಾಸಿ ಮಲಗಿದೆ, ಕೈಯಲ್ಲಿ ಎಂಟನೇ ನಂಬರ್ ರಿಂಗ್ ಸ್ಪ್ಯಾನರು, ಪಕ್ಕದಲ್ಲಿ ಉಪ್ಪಿನಕಾಯಿ ಬಾಟಲಿ, ಅದರೊಳಗೆ ಇಳಿಬಿಟ್ಟ ಪಾರದರ್ಶಕ ಟ್ಯೂಬು. ಬಾನೆಟ್ ಹತ್ತಿರ ಆಯಿಲ್ ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಲು ಹೆಂಡತಿ. ಪೆಡಲ್ ಮೇಲೆ, ಬ್ರೇಕ್ ಒತ್ತುವುದನ್ನೇ ನಂಬದ ಅಪ್ಪ.

ಅವರ ಬಲಗಿವಿ ಮಂದ. ಆದ್ದರಿಂದ ಆದೇಶ ನನ್ನಿಂದ ಬಾನೆಟ್ಟಿಗೆ, ಬಾನೆಟ್ಟಿನಿಂದ ಸೀಟಿಗೆ ಹೋಗಬೇಕಾಯಿತು.

'ಒತ್ತಿ!'

'ಮಾವ, ಒತ್ತಬೇಕಂತೆ.'

'ಯಾರು ಹೇಳಿದ್ದು?'

'ಅವರೇ.'

'ಒತ್ತಿದೆ ಅಂತ ಹೇಳಮ್ಮ.'

'ರೀ, ಒತ್ತಿದಾರೆ.'

ನಿಪ್ಪಲ್ ಕಾಲು ಸುತ್ತು ತಿರುಗಿಸಿದೆ. ಟ್ಯೂಬಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಹೊರಟು, ಬಾಟಲಿಯಲ್ಲಿ ಪುಳಕ್ ಪುಳಕ್ ಎಂದು ಮೇಲೆ ಬಂದವು. 'ಬಿಡಬೇಡಿ!' ಎಂದು ಕೂಗಿದೆ. ಸಂದೇಶ ಬಾನೆಟ್ ತಲುಪುವ ಮೊದಲೇ ಅದರ ಮೊದಲರ್ಧ ಅಪ್ಪನ ಎಡಗಿವಿಗೆ ಬಿದ್ದು ಅವರು ಕಾಲು ತೆಗೆದರು. ಬಾಟಲಿಯ ಆಯಿಲ್ ಟ್ಯೂಬಿನಲ್ಲಿ ಹಿಂದಕ್ಕೆ ಓಡಿತು, ಅದರ ಹಿಂದೆ ಗಾಳಿ. ಮತ್ತೆ ಮೊದಲಿನಿಂದ. ಎದುರು ಮನೆಯವರು ಗೇಟಿಗೆ ಬಂದು 'ಏನ್ ರಿಪೇರಿ ರಾಯ್ರೇ?' ಎಂದಾಗ ಉತ್ತರಿಸಲು ಇನ್ನೊಮ್ಮೆ ಕಾಲು ತೆಗೆದರು. ಕಾಲೂರಿಕೊಂಡು ಮಾತಾಡುವುದು ಅವರಿಗೆ ಅಸಭ್ಯವೆನಿಸಿತಂತೆ. ಆ ಹೊತ್ತಿಗೆ ಡಬ್ಬಿಗೆ ಸುರಿಯುತ್ತಿದ್ದ ಆಯಿಲ್ ಮಡ್‌ಗಾರ್ಡಿನ ಮೇಲೆ ತುಳುಕಿತು. ಬ್ರೇಕ್ ಆಯಿಲ್ ಪೇಂಟನ್ನು ತಿನ್ನುತ್ತದೆ, ತಕ್ಷಣ ನೀರು ಹಾಕಿ ತೊಳೆಯಬೇಕು ಎಂದು ನಾನು ಗಾಡಿಯ ಕೆಳಗಿನಿಂದ ಕೂಗಿದ್ದೇ ತಡ, ಅಪ್ಪ ಆದೇಶಕ್ಕೂ ಕಾಯದೆ ಇಳಿದು ಕೊಳಾಯಿಗೆ ಓಡಿದರು. ಬ್ರೇಕಿನ ಮೇಲಿಲ್ಲದ ಮಮತೆ ಬಣ್ಣದ ಮೇಲೆ.

ಆಮೇಲೆ ಹೆಂಡತಿ ವ್ಯವಸ್ಥೆಯನ್ನು ತಿರುಗಿಸಿಟ್ಟಳು. ಅಪ್ಪನನ್ನು ಬಾನೆಟ್ ಹತ್ತಿರ ಕುರ್ಚಿ ಹಾಕಿ ಕೂರಿಸಿ, 'ಮಾವ, ಡಬ್ಬಿಯಲ್ಲಿ ಎಷ್ಟಿತ್ತು, ಎಷ್ಟು ಖರ್ಚಾಯ್ತು ನೋಡ್ಕೊಳಿ' ಎಂದಳು. ಖಜಾನೆಯವರಿಗೆ ಅಷ್ಟು ಸಾಕು, ಕಾಗದ ಪೆನ್ಸಿಲ್ ಬಂದವು. ಪೆಡಲ್ ಮೇಲೆ ಅವಳು ಕಾಲಿಟ್ಟಳು. ವರ್ಷಗಟ್ಟಲೆ ಮ್ಯಾಟಿನ ಮೇಲೆ ಸಾಧನೆ ಮಾಡಿದ ಕಾಲು. ಒತ್ತಿ ಎಂದರೆ ಒತ್ತಿತು, ಹಿಡಿ ಎಂದರೆ ಅಲುಗಲಿಲ್ಲ. ನಾಲ್ಕೂ ಚಕ್ರ ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಗಿದವು.

ಪೆಡಲ್ಲು ಈಗ ಮೊದಲ ಒತ್ತಿಗೇ ಗಟ್ಟಿ. ಗಟ್ಟಿ ಎಂದರೆ ಬಹಳ ಗಟ್ಟಿ. ಡ್ರಮ್ ಬ್ರೇಕಿನಲ್ಲಿ ಒಂದು ಗುಣವಿದೆ: ತಿರುಗುವ ಡ್ರಮ್ಮೇ ಶೂವನ್ನು ಎಳೆದುಕೊಂಡು ತನಗೆ ತಾನೇ ಬಿಗಿ ಮಾಡಿಕೊಳ್ಳುತ್ತದೆ, ಕಾಲಿಗೆ ಅಷ್ಟು ಕೆಲಸ ಕಡಿಮೆ. ಡಿಸ್ಕಿಗೆ ಆ ಉಪಕಾರಬುದ್ಧಿ ಇಲ್ಲ, ನೀವು ಒತ್ತಿದಷ್ಟೇ ಹಿಡಿತ. ಎಂಜಿನ್ನಿನ ಗಾಳಿ ಸೆಳೆತದಿಂದ ನಡೆಯುವ ಬೂಸ್ಟರ್ ಇದ್ದರೆ ಹಗುರವಾಗುತ್ತದೆ ಎಂದರು ಉಸ್ತಾದರು. ಅಂದರೆ ಸನ್ಯಾಸಿಗೆ ಈಗ ಹಸುವೂ ಬೇಕು. ಅದೂ ಬಂತು. ಅವರು ಒಂದೊಂದು ನಟ್ಟನ್ನೂ ಬಿಗಿ ನೋಡಿ, ಪೈಪುಗಳ ಕೀಲುಗಳಿಗೆ ಬೆರಳು ಒತ್ತಿ ಜಿನುಗು ಪರೀಕ್ಷಿಸಿ, ಖಾಲಿ ರಸ್ತೆಯಲ್ಲಿ ಓಡಿಸಿ ನಿಲ್ಲಿಸಿ ತೋರಿಸಿದ ಮೇಲೆಯೇ ಮನೆಯವರನ್ನು ಕೂರಿಸಿದ್ದು.

ಪರೀಕ್ಷೆಗೆ ಚಾಮುಂಡಿ ಬೆಟ್ಟ ಬಿಟ್ಟು ಬೇರೆ ಜಾಗವಿಲ್ಲ. ಹತ್ತುವಾಗ ನಾನು ಓಡಿಸಿದೆ. ದರ್ಶನವಾಯಿತು, ಡಿಸ್ಕುಗಳಿಗೂ ಕುಂಕುಮ ಇಟ್ಟೆವು. ಇಳಿಯುವಾಗ ಅಪ್ಪ ಕೀ ಕೇಳಿದರು. 'ಇಷ್ಟು ಖರ್ಚು ಮಾಡಿದೀಯ, ನಾನೂ ನೋಡ್ತೀನಿ' ಎಂದರು. ಹೆಂಡತಿ ಎಡಗಡೆ ಕೂತಳು, ನಾನು ಹಿಂದೆ.

ಎರಡನೇ ಗೇರು. ನಂದಿಯ ಕಡೆಗಿನ ತಿರುವು ದಾಟಿತು, ಕೋತಿಗಳು ದಾಟಿದವು, ಎದುರಿಗೆ ಬಂದ ಬಸ್ಸಿಗೆ ಉದ್ದನೆಯ ಹಾರ್ನು. ಎಂಜಿನ್ ಗುಂಯ್‌ಗುಟ್ಟುತ್ತಾ ಗಾಡಿಯನ್ನು ಹಿಡಿದುಕೊಂಡೇ ಇತ್ತು. ಹಿಂದಿನ ಸೀಟಿನಿಂದ ನಾನು ಅಪ್ಪನ ಬಲಗಾಲನ್ನೇ ನೋಡುತ್ತಿದ್ದೆ. ಅದು ಪೆಡಲ್ ಕಡೆ ಒಮ್ಮೆಯೂ ಹೊರಳಲಿಲ್ಲ. ತಪ್ಪಲಿಗೆ ಬಂದು, ಸಮತಟ್ಟಿನಲ್ಲಿ ಗಾಡಿ ತಾನಾಗಿ ನಿಧಾನವಾಗುವವರೆಗೂ ಬಿಟ್ಟು, ಕೊನೆಗೆ ಒಂದು ಮರದ ಕೆಳಗೆ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದರು. ಆ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳ ಹಳೇ ಡ್ರಮ್ಮುಗಳನ್ನು.

ಕೆಳಗಿಳಿದು, ಮುಂದಿನ ರಿಮ್ಮಿನ ಸಂದಿಯಲ್ಲಿ ಬೆರಳು ತೂರಿಸಿ ಡಿಸ್ಕ್ ಮುಟ್ಟಿ ನೋಡಿದರು.

'ಚೆನ್ನಾಗಿದೆ ಕಣೋ. ಸ್ವಲ್ಪಾನೂ ಬಿಸಿಯಾಗಿಲ್ಲ.'

ಹೆಂಡತಿ ಎಡಗಡೆಯ ಬಾಗಿಲು ತೆಗೆದು, ಚಪ್ಪಲಿ ಬಿಚ್ಚಿ, ಬಲಪಾದ ಉಜ್ಜಿಕೊಳ್ಳುತ್ತಿದ್ದಳು.

'ಮನೇಗೆ ನಾನು ಓಡಿಸ್ತೀನಿ ಮಾವ. ಕೀ ಕೊಡಿ.'