ಪ್ರವೇಶಸ್ತರೀಯ ಏಕಮಸೂರ ಪ್ರತಿಫಲನ ಯಂತ್ರದ ಆಯ್ಕೆ: ಒಂದು ತಾತ್ವಿಕ ಅನುಸಂಧಾನ

ಅಧ್ಯಾಯ 1: ವ್ಯಾಪ್ತಿ ಮತ್ತು ಮಿತಿ

ಆಧುನಿಕೋತ್ತರ ದೃಶ್ಯಸಂಕಥನದ ನೆಲೆಯಲ್ಲಿ ಬಿಂಬಗ್ರಹಣ ಕ್ರಿಯೆಯನ್ನು ಅದರ ಸಾಮಾಜಿಕ, ಸೌಂದರ್ಯಾತ್ಮಕ ಹಾಗೂ ಇಎಂಐ ಆಯಾಮಗಳೊಂದಿಗೆ ಮುಖಾಮುಖಿಯಾಗಿಸುವ ವಿನಮ್ರ ಪ್ರಯತ್ನವೇ ಪ್ರಸ್ತುತ ಪ್ರಬಂಧ. ಫೋಟೊಗ್ರಫಿ ಕಲಿಯುವ ಆಸೆಯಿಂದ ಮೊದಲ ಡಿಎಸ್‌ಎಲ್‌ಆರ್ ಕೊಳ್ಳಹೊರಟ ವ್ಯಕ್ತಿಯನ್ನು ಇಲ್ಲಿ ‘ನವಾಗತ’ ಎಂದು ಕರೆಯಲಾಗಿದೆ. ನವಾಗತನು ಕೇಳುವ ಪ್ರಶ್ನೆ ಒಂದೇ: “ಯಾವ ಕ್ಯಾಮೆರಾ ತಗೊಳ್ಳಲಿ?” ಇದಕ್ಕೆ ಒಂದು ಮಾಡೆಲ್ಲಿನ ಹೆಸರು ಹೇಳಿ ಮುಗಿಸುವುದು ಶಾಸ್ತ್ರಕ್ಕೆ ಅಪಚಾರವೆಂದು ಬಲ್ಲವರು ತಿಳಿದಿರುವುದರಿಂದ, ಉತ್ತರದ ಜಾಗದಲ್ಲಿ ಒಂದು ಜ್ಞಾನಪರಂಪರೆಯೇ ಬೆಳೆದು ನಿಂತಿದೆ. ಅದರ ಸಮಗ್ರ ಅಧ್ಯಯನ ನಮ್ಮ ಗುರಿ.

ಕ್ಷೇತ್ರಕಾರ್ಯವನ್ನು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಲ್ಲಿ, ರಂಗನತಿಟ್ಟಿನ ದೋಣಿಯಲ್ಲಿ, ಹಾಗೂ ಮದುವೆ ಛತ್ರಗಳಲ್ಲಿ ನಡೆಸಲಾಯಿತು. ಧಾರೆ ನೋಡಲು ಬಂದ ನೆಂಟರಿಗೆ ಛಾಯಾಗ್ರಾಹಕರ ಬೆನ್ನು ಮಾತ್ರ ಕಾಣುವ ಕಾರಣ ಮೂರನೆಯ ಕ್ಷೇತ್ರವು ಅಧ್ಯಯನಕ್ಕೆ ವಿಶೇಷ ಅನುಕೂಲಕರವಾಗಿತ್ತು. ಈ ಅಧ್ಯಯನದ ಮಿತಿ: ಲೇಖಕನ ತಾಳ್ಮೆ.

ಅಧ್ಯಾಯ 2: ಪೂರ್ವಪಕ್ಷ

ನವಾಗತನಿಗೆ ಬುದ್ಧಿ ಹೇಳುವವರನ್ನು ಏಳು ಪಂಥಗಳಾಗಿ ವರ್ಗೀಕರಿಸಬಹುದು.

ಮೊದಲನೆಯದು ಪಿಕ್ಸೆಲ್ ಪಂಥ. ಹೆಚ್ಚು ಮೆಗಾಪಿಕ್ಸೆಲ್ ಇದ್ದದ್ದೇ ಹೆಚ್ಚಿನ ಕ್ಯಾಮೆರಾ ಎಂಬುದು ಇವರ ಮೂಲಪ್ರಮೇಯ. “18 ಬೇಡ ಸಾರ್, 24 ತಗೊಳ್ಳಿ” ಎಂಬ ವಾಕ್ಯವನ್ನು ಮುಂದಿಟ್ಟುಕೊಂಡು ನೋಡೋಣ. 18 ಮೆಗಾಪಿಕ್ಸೆಲ್ಲಿನ ಚಿತ್ರದ ಉದ್ದ 5184 ಚುಕ್ಕಿ, 24ರದ್ದು 6000. ಅಂದರೆ ಗೋಡೆಗೆ ಹಾಕುವ ಪ್ರಿಂಟಿನ ಒಂದೊಂದು ಬದಿ ನೂರಕ್ಕೆ ಹದಿನಾರರಷ್ಟು ಹಿಗ್ಗೀತು, ಅಷ್ಟೆ. ಆಲ್ಬಮ್ಮಿಗೆ ಅಂಟಿಸುವ 4×6 ಇಂಚಿನ ಪ್ರಿಂಟಿಗೆ, ಇಂಚಿಗೆ 300 ಚುಕ್ಕಿಯಂತೆ, ಎರಡು ಮೆಗಾಪಿಕ್ಸೆಲ್ ಚಿಲ್ಲರೆ ಸಾಕು. 10×12ಕ್ಕೆ ಹನ್ನೊಂದು. ನವಾಗತನ ಚಿತ್ರಗಳಾದರೋ ವಾಟ್ಸಾಪಿಗೆ ಹೋಗುತ್ತವೆ. ಅಲ್ಲಿ ಇಪ್ಪತ್ನಾಲ್ಕೂ ಹಿಂಡಿ ಒಂದೆರಡಾಗಿ, “ಸೂಪರ್ ಮಗಾ” ಎಂಬ ವಿಮರ್ಶೆಯೊಡನೆ ಮೋಕ್ಷ ಪಡೆಯುತ್ತವೆ.

ಎರಡನೆಯದು ಉತ್ತರೋತ್ತರ ಪಂಥ. ಇದರ ಮಹಾವಾಕ್ಯ: “ಇನ್ನೊಂದ್ ಸ್ವಲ್ಪ ಹಾಕಿದ್ರೆ ಮೇಲಿನ ಮಾಡೆಲ್ಲೇ ಬರತ್ತೆ.” ಹಾಕಿದರೆ ಬರುತ್ತದೆ, ನಿಜ. ಆದರೆ ಆ ಮೇಲಿನದರ ಮೇಲೂ ಒಂದಿದೆ. ಅದಕ್ಕೂ ಬೇಕಾದದ್ದು ಇನ್ನೊಂದು ಸ್ವಲ್ಪವೇ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನವಸ್ಥಾ ದೋಷವೆನ್ನುತ್ತಾರೆ, ಅಂಗಡಿಯಲ್ಲಿ ಆಫರ್ ಎನ್ನುತ್ತಾರೆ. ಹೀಗೆ ಏರುತ್ತ ಹೋದ ನವಾಗತನು ಕೊನೆಗೆ ಯಾವ ಕ್ಯಾಮೆರಾವನ್ನೂ ಕೊಳ್ಳದೆ ಮನೆಗೆ ಬಂದು, ಮುಂದಿನ ದಸರಾಕ್ಕೆ ನೋಡೋಣವೆಂದು ಮಲಗುವುದುಂಟು.

ಮೂರನೆಯದು ಪೂರ್ಣಚೌಕಟ್ಟು ಪಂಥ. 36×24 ಮಿಲಿಮೀಟರಿನ ಸೆನ್ಸರ್ ಇಲ್ಲದ ಕ್ಯಾಮೆರಾದಲ್ಲಿ ತೆಗೆದದ್ದು ಫೋಟೊ ಅಲ್ಲವೆಂದು ಇವರ ದೃಢನಂಬಿಕೆ. ಪ್ರವೇಶಸ್ತರದ ಸೆನ್ಸರ್ ಸುಮಾರು 23×15 ಇರುವುದರಿಂದ, ಲೆನ್ಸಿನ ಮೇಲೆ ಬರೆದ ಸಂಖ್ಯೆಯನ್ನೆಲ್ಲ ಒಂದೂವರೆಯಿಂದಲೋ 1.6ರಿಂದಲೋ ಗುಣಿಸಿ ನಿಟ್ಟುಸಿರು ಬಿಡುವುದು ಪಂಥದ ನಿತ್ಯಕರ್ಮ. ಫಿಲ್ಮ್ ಕ್ಯಾಮೆರಾ ಮುಟ್ಟಿಯೇ ಇರದ ಹುಡುಗನ ಎದುರಿಗೂ ಈ ಗುಣಾಕಾರ ನಡೆಯುತ್ತದೆ. ಯಾವ ಅಳತೆಗೆ ಹೋಲಿಸಿ ದುಃಖಿಸಬೇಕೆಂದು ತಿಳಿಯದ ಆತ ಸುಮ್ಮನೆ ತಲೆ ಆಡಿಸುತ್ತಾನೆ. ಮೊದಲ ಪಾಠವಾಗಿ ಅವನು ಕಲಿತದ್ದು ಕೀಳರಿಮೆ.

ಏಳು ಪಂಥ ಎಂದಿದ್ದೆ. ಉಳಿದ ನಾಲ್ಕೂ ಇವುಗಳದೇ ಮಿಶ್ರತಳಿ, ಬರೆಯಲು ಬೇಸರ. ಕ್ಯಾನನ್-ನಿಕಾನ್ ದ್ವೈತಿಗಳನ್ನಂತೂ ಬಿಟ್ಟುಬಿಡುತ್ತೇನೆ. ಅವರ ವಾದ ಕೇಳಿದವರಿಗೆ ಅದ್ವೈತ ತಾನಾಗಿ ಹತ್ತುತ್ತದೆ.

ನಾಮಕರಣದ ಬಗ್ಗೆ ಒಂದು ಉಪಸಿದ್ಧಾಂತವನ್ನು ಮಾತ್ರ ಮಂಡಿಸಬೇಕು. ಅದರ ಹೆಸರು ಅಂಕಿವೈಪರೀತ್ಯ ನಿಯಮ: ಹೆಸರಿನಲ್ಲಿ ಅಂಕಿ ಹೆಚ್ಚಿದಷ್ಟೂ ಯಂತ್ರದ ಅಂತಸ್ತು ಇಳಿಯುತ್ತದೆ. ಕ್ಯಾನನ್‌ನಲ್ಲಿ ಒಂದಂಕಿಯ 5ಡಿ ದೊಡ್ಡವರದ್ದು, 90ಡಿ ನಡುವಿನವರದ್ದು, 850ಡಿ ಅದಕ್ಕಿಂತ ಕೆಳಗೆ, 1500ಡಿ ಬಡವರದ್ದು. ಹಾಗಾದರೆ 3000ಡಿ 1500ಡಿಯ ಎರಡು ಪಟ್ಟು ಒಳ್ಳೆಯದಿರಬೇಕಲ್ಲ? ಇಲ್ಲ, ಅದು ಇನ್ನೂ ಕೆಳಗಿನದು. 2018ರಲ್ಲಿ ಎರಡೂ ಒಟ್ಟಿಗೆ ಬಂದವು. 3000ಡಿಗೆ 18 ಮೆಗಾಪಿಕ್ಸೆಲ್, ಲೆನ್ಸ್ ಕೂರುವ ಬಳೆ ಪ್ಲಾಸ್ಟಿಕ್‌ನದು. ಇನ್ನು 1500ಡಿ ಯುರೋಪಿಗೆ ಹೋದರೆ 2000ಡಿ, ಅಮೆರಿಕದಲ್ಲಿ ರೆಬೆಲ್ ಟಿ7, ಜಪಾನಿನಲ್ಲಿ ಕಿಸ್ ಎಕ್ಸ್90. ನಾಲ್ಕು ಹೆಸರಿನ ಈ ವಸ್ತುವಿನ ವಿಮರ್ಶೆಗಳನ್ನು ಓದಿಕೊಂಡು ನವಾಗತನು ನಾಲ್ಕು ಬೇರೆ ಬೇರೆ ಕ್ಯಾಮೆರಾಗಳ ತುಲನಾತ್ಮಕ ಅಧ್ಯಯನ ಮಾಡಿದ ತೃಪ್ತಿ ಪಡೆಯಬಹುದು.

ಅಧ್ಯಾಯ 3: ಅಭಾವ ಪ್ರಕರಣ

ಪ್ರಬಂಧದ ಕೇಂದ್ರ ಪ್ರಮೇಯಕ್ಕೆ ಬಂದೆವು. ಪ್ರವೇಶಸ್ತರದ ಕ್ಯಾಮೆರಾ ಎಂದರೇನು? ಅದರಲ್ಲಿ ಇರುವುದರಿಂದ ಅದನ್ನು ನಿರ್ವಚಿಸಲು ಆಗದು, ಏಕೆಂದರೆ ಇರುವುದೆಲ್ಲ ದುಬಾರಿಯದರಲ್ಲೂ ಇದೆ. ಆದ್ದರಿಂದ ಇಲ್ಲದ್ದರಿಂದಲೇ ನಿರ್ವಚಿಸಬೇಕು. ನಮ್ಮ ನೈಯಾಯಿಕರು ಇಲ್ಲದಿರುವುದನ್ನೂ ಒಂದು ಪದಾರ್ಥವೆಂದು ಎಣಿಸಿ, ಅಭಾವದಲ್ಲಿ ನಾಲ್ಕು ಬಗೆ ಮಾಡಿಟ್ಟಿದ್ದಾರೆ. ಕ್ಯಾಮೆರಾ ಕಂಪನಿಗಳ ಉತ್ಪನ್ನ ವಿಭಾಗಕ್ಕೆ ಇದಕ್ಕಿಂತ ಒಳ್ಳೆಯ ಕೈಪಿಡಿ ಸಿಗಲಾರದು.

ಪ್ರಾಗಭಾವ: ಇನ್ನೂ ಹುಟ್ಟದ್ದು. “ಅದು ಮುಂದಿನ ಮಾಡೆಲಲ್ಲಿ ಬರತ್ತೆ ಸಾರ್.”

ಅನ್ಯೋನ್ಯಾಭಾವ: ಇದು ಅದಲ್ಲ. ಕ್ಯಾನನ್ ಲೆನ್ಸ್ ನಿಕಾನ್ ಬಾಡಿಗೆ ಕೂರುವುದಿಲ್ಲ. ಭಾವ ಒಂದು ಕಂಪನಿಯವನು, ಭಾಮೈದ ಇನ್ನೊಂದರವನಾದರೆ ಮನೆಯಲ್ಲಿ ಎರಡೆರಡು ಕಪಾಟು ಬೇಕು.

ಅತ್ಯಂತಾಭಾವ: ಎಂದೂ ಇಲ್ಲದ್ದು. ಕ್ಯಾನನ್‌ನ ನಾಲ್ಕಂಕಿಯವಕ್ಕೂ ನಿಕಾನ್‌ನ ಡಿ3000 ಸಾಲಿಗೂ ಮಳೆ, ಧೂಳು ತಡೆಯುವ ಕವಚ ಇದ್ದದ್ದೇ ಇಲ್ಲ. ಆಗುಂಬೆಯ ಜುಲೈ ತಿಂಗಳಿಗೆ ಇವನ್ನು ಒಯ್ಯುವವನು ಪ್ಲಾಸ್ಟಿಕ್ ಕವರನ್ನೂ ಒಯ್ಯಬೇಕು. ಅಗ್ಗದ ಕ್ಯಾಮೆರಾಕ್ಕೆ ಅಷ್ಟೆಲ್ಲ ಸಾಧ್ಯವೇ ಎಂದು ಪಂಡಿತರು ಕೇಳುತ್ತಾರೆ. 2013ರಲ್ಲಿ ಪೆಂಟಾಕ್ಸ್ ಇದೇ ವರ್ಗದ ಕೆ-50ಯಲ್ಲಿ ಮಳೆ ತಡೆಯುವ ಕವಚವನ್ನೂ ಗಾಜಿನ ಪ್ರಿಸಮ್ಮಿನ ವ್ಯೂಫೈಂಡರನ್ನೂ ಕೊಟ್ಟಿತ್ತು. ಅಂದರೆ ಆಗದ್ದಲ್ಲ, ಮಾಡದ್ದು.

ಪ್ರಧ್ವಂಸಾಭಾವ: ಇದ್ದು ನಾಶವಾದದ್ದು. ಶಾಸ್ತ್ರಕಾರರು ಇದಕ್ಕೆ ಒಡೆದ ಗಡಿಗೆಯ ಉದಾಹರಣೆ ಕೊಡುತ್ತಾರೆ. ನನ್ನಲ್ಲಿ ಇನ್ನೂ ಒಳ್ಳೆಯವಿವೆ. ನಿಕಾನ್‌ನ ಡಿ70, ಡಿ50 ಬಾಡಿಗಳೊಳಗೆ ಫೋಕಸ್ ಮಾಡುವ ಮೋಟಾರು ಇತ್ತು. 2006ರ ಡಿ40ಯಿಂದ ಅದು ಹೋಯಿತು. ಆಮೇಲಿನ ಡಿ3000, ಡಿ5000 ಸಾಲಿನ ಯಾವುದಕ್ಕೂ ಮರಳಲಿಲ್ಲ. ಹೀಗಾಗಿ ಹಳೆಯ ಅಗ್ಗದ 50ಎಂಎಂ ಎಫ್/1.8ಡಿ ಲೆನ್ಸನ್ನು, ಅಗ್ಗವೆಂದೇ ಹುಡುಕಿ ತಂದ ನವಾಗತನು ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. ದುಬಾರಿ ಬಾಡಿ ಇರುವವನಿಗೆ ಆ ಅಗ್ಗದ ಲೆನ್ಸ್ ಸರಾಗ ಕೆಲಸ ಮಾಡುತ್ತದೆ. 2014ರ ಡಿ3300ಗೆ ಹೊರಗಿನ ಮೈಕ್ ಸಿಕ್ಕಿಸುವ ತೂತೂ ಸೆನ್ಸರ್ ಧೂಳು ಕೊಡವುವ ವ್ಯವಸ್ಥೆಯೂ ಇದ್ದವು. ಎರಡು ವರ್ಷದ ಮೇಲೆ ‘ಸುಧಾರಿತ’ ಡಿ3400 ಬಂದಾಗ ಎರಡೂ ಇರಲಿಲ್ಲ.

ನೈಯಾಯಿಕರಿಗೂ ಹೊಳೆಯದ ಐದನೆಯ ಬಗೆಯೊಂದಿದೆ. ಅದನ್ನು ತಿರೋಭಾವ ಎಂದು ಕರೆಯುತ್ತೇನೆ: ಇದ್ದೂ ಇಲ್ಲದಂತೆ ಮಾಡಿದ್ದು. 2003ರಲ್ಲಿ ಬಂದ ಕ್ಯಾನನ್ 300ಡಿ, ಸಾವಿರ ಡಾಲರಿಗಿಂತ ಕಡಿಮೆಗೆ ಸಿಕ್ಕ ಮೊದಲ ಡಿಎಸ್‌ಎಲ್‌ಆರ್. ಈ ವರ್ಗದ ಮೂಲಪುರುಷನೆಂದರೆ ಅದೇ. ಆರು ಮೆಗಾಪಿಕ್ಸೆಲ್ಲಿನ ಅದರ ಸೆನ್ಸರ್ ದುಬಾರಿ 10ಡಿಯದೇ. ಸ್ವಲ್ಪ ದಿನಕ್ಕೆ ಹವ್ಯಾಸಿಗಳು ಅದರ ಫರ್ಮ್‌ವೇರ್ ಕೆದಕಿ ನೋಡಿದರೆ, ಐಎಸ್‌ಒ 3200, ಫ್ಲಾಶಿನ ಬೆಳಕು ಹೆಚ್ಚುಕಡಿಮೆ ಮಾಡುವ ಸೌಲಭ್ಯ ಮುಂತಾದವು ಒಳಗೇ ಬೀಗ ಹಾಕಿಸಿಕೊಂಡು ಕೂತಿದ್ದವು. ಬಿಚ್ಚಿದರು, ಕೆಲಸ ಮಾಡಿದವು. ಪ್ರವೇಶಸ್ತರ ಎಂಬುದು ಹುಟ್ಟಿದ್ದೇ ಬೀಗದೊಂದಿಗೆ.

ಈಗ ಪ್ರಧ್ವಂಸಾಭಾವದ ಅತ್ಯುತ್ತಮ ನಿದರ್ಶನ. ಕ್ಯಾಮೆರಾದ ನೆತ್ತಿಯ ಮೇಲೆ ಫ್ಲಾಶ್ ಕೂರಿಸುವ ಹಾಟ್ ಶೂ ಇರುತ್ತದೆ. ಅದರ ನಟ್ಟನಡುವೆ ಒಂದು ಲೋಹದ ಚುಕ್ಕೆ. ಶಟರ್ ತೆರೆದಾಗ ಆ ಚುಕ್ಕೆಯ ಮೂಲಕ ‘ಹೊಡಿ’ ಎಂಬ ಸಂಕೇತ ಹೋಗುತ್ತದೆ. ಅದು ಯಾವುದೇ ಕಂಪನಿಯ ಸ್ವತ್ತಲ್ಲ. ದಶಕಗಳಿಂದ ಹೆಚ್ಚುಕಡಿಮೆ ಯಾವ ಕಂಪನಿಯ ಫ್ಲಾಶಾದರೂ, ಫ್ಲಾಶನ್ನು ದೂರದಿಂದ ಹೊಡೆಸುವ ಯಾವ ಅಗ್ಗದ ಟ್ರಿಗರಾದರೂ ಅದರಿಂದಲೇ ಕೆಲಸ ಮಾಡಿದೆ. 1500ಡಿ, 3000ಡಿ, 200ಡಿ ಮಾರ್ಕ್ 2, ಈ ಮೂರರಲ್ಲೂ ಕ್ಯಾನನ್ ಆ ಚುಕ್ಕೆಯನ್ನು ತೆಗೆದುಹಾಕಿತು.

ಇಲ್ಲಿಗೆ ಶಾಸ್ತ್ರದ ಭಾಷೆ ಸಾಕು. ಚುಕ್ಕೆ ತೆಗೆದದ್ದರಿಂದ ಕಂಪನಿಗೆ ಏನು ಉಳಿಯಿತು? ಒಂದು ಚೂರು ಲೋಹ, ಒಂದು ತುಂಡು ತಂತಿ. ಕಳೆದುಕೊಂಡವರು ಯಾರು? ಐದಂಕಿ ಸಂಬಳದ ಹವ್ಯಾಸಿಗೆ ಇದರಿಂದ ಏನೂ ಆಗದು. ಅವನು ಕಂಪನಿಯದೇ ಫ್ಲಾಶ್ ತರುತ್ತಾನೆ. ತಾಲ್ಲೂಕು ಊರಿನ ಸ್ಟುಡಿಯೋದಲ್ಲಿ ಸಹಾಯಕನಾಗಿದ್ದು, ನಾಮಕರಣ, ಗೃಹಪ್ರವೇಶಗಳಿಗೆ ಸ್ವಂತ ಕ್ಯಾಮೆರಾ ಹಿಡಿಯಬೇಕೆಂದು ಕಂತಿನಲ್ಲಿ ಬಾಡಿ ತರುವ ಹುಡುಗನಿಗೆ ಆ ಚುಕ್ಕೆ ಬೇಕಿತ್ತು. ಅವನ ಹತ್ತಿರ ಇರುವುದು ಯಾರೋ ಬಳಸಿ ಕೊಟ್ಟ ಹಳೆಯ ಫ್ಲಾಶ್, ಅಗ್ಗದ ಟ್ರಿಗರ್. ಎಲ್ಲಕ್ಕಿಂತ ಕಡಿಮೆ ದುಡ್ಡಿರುವವನನ್ನೇ ಎಲ್ಲಕ್ಕಿಂತ ದುಬಾರಿ ಸಾಮಾನಿನ ಕಡೆಗೆ ತಳ್ಳುವ ಕೆಲಸ ಇದು. ಆಮೇಲೆ ಬೇರೆ ಕಂಪನಿಯವರು ಇದಕ್ಕೆಂದೇ ವಿಶೇಷ ಟ್ರಿಗರ್‌ಗಳನ್ನು ಮಾಡಿದರು, ಸರಿ. ಅದಕ್ಕೂ ಅವನೇ ದುಡ್ಡು ಕೊಡಬೇಕು.

ಪಂಡಿತರ ಮೇಲಿನ ನನ್ನ ಸಿಟ್ಟಿನ ಮೂಲವೂ ಇದೇ. ಅವನು ಕೇಳಲು ಬಂದಾಗ ಸೆನ್ಸರಿನ ಅಳತೆ ಹೇಳಿದರು, ಹಿನ್ನೆಲೆ ಮಸುಕಿನ ಸೌಂದರ್ಯಮೀಮಾಂಸೆ ಹೇಳಿದರು, ಚುಕ್ಕೆ ಇಲ್ಲವೆಂದು ಹೇಳಲಿಲ್ಲ. ಅಂಗಡಿಯವರು ಉಚಿತ ಬ್ಯಾಗು, ಅಲ್ಲಾಡುವ ಟ್ರೈಪಾಡು, ಯುವಿ ಫಿಲ್ಟರು ಕೊಟ್ಟು ಕಳಿಸಿದರು. ಯುವಿ ಕಿರಣ ತಡೆಯುವ ಪದರ ಸೆನ್ಸರಿನ ಮುಂದೆ ಮೊದಲೇ ಇರುತ್ತದೆ. ಆ ಫಿಲ್ಟರಿನಿಂದ ಲೆನ್ಸಿಗೆ ಗೀರು ಬೀಳುವುದು ತಪ್ಪೀತು. ದೀಪೋತ್ಸವದ ಚಿತ್ರಗಳಲ್ಲಿ ಒಂದೊಂದು ದೀಪಕ್ಕೆ ಎರಡೆರಡು ದೀಪ ಕಾಣಿಸೀತು.

ಅಭಯಾರಣ್ಯದ ಗೇಟಿನಲ್ಲಿ ಲೆನ್ಸಿನ ಮಿಲಿಮೀಟರ್ ನೋಡಿ ಕ್ಯಾಮೆರಾ ಶುಲ್ಕ ಕೇಳುವುದನ್ನು ನೋಡಿ ನಗುತ್ತಿದ್ದೆ. ಈಗ ನಗುವುದಿಲ್ಲ. ಅವರದು ಕನಿಷ್ಠ ಬೋರ್ಡಿನಲ್ಲಿ ಬರೆದ ದರ.

ನಾಲ್ಕನೆಯ ಅಧ್ಯಾಯ ‘ಭವಿಷ್ಯದ ಸಂಶೋಧನಾ ಸಾಧ್ಯತೆಗಳು’ ಎಂದಿತ್ತು. ಡಿಎಸ್‌ಎಲ್‌ಆರ್‌ಗೆ ಭವಿಷ್ಯವೇ ಉಳಿದಿಲ್ಲ. ನಿಕಾನ್ ಡಿ3500ರ ತಯಾರಿಕೆ ನಿಂತಿದೆ. 1ಡಿ ಎಕ್ಸ್ ಮಾರ್ಕ್ 3ರ ನಂತರ ಆ ಮಟ್ಟದ ಡಿಎಸ್‌ಎಲ್‌ಆರ್ ಬರುವುದಿಲ್ಲವೆಂದು ಕ್ಯಾನನ್ 2021ರ ಕೊನೆಯಲ್ಲಿ ಹೇಳಿಯಾಗಿದೆ. ಕನ್ನಡಿಯಿಲ್ಲದ ಮಿರರ್‌ಲೆಸ್‌ಗಳು ಬಂದಿವೆ, ನಿಜಕ್ಕೂ ಒಳ್ಳೆಯವು. ಅವುಗಳಲ್ಲೂ ಪ್ರವೇಶಸ್ತರವಿದೆ, ಅಲ್ಲೂ ಅಭಾವವಿದೆ: 2023ರ ಕ್ಯಾನನ್ ಆರ್100ಗೆ ಟಚ್ ಸ್ಕ್ರೀನ್ ಇಲ್ಲ. ಕಿರಾಣಿ ಅಂಗಡಿಯವರ ಅತಿ ಅಗ್ಗದ ಮೊಬೈಲಿಗೆ ಇರುವಂಥದ್ದು ಕ್ಯಾಮೆರಾದಲ್ಲಿ ಇಲ್ಲ.

ಇಷ್ಟೆಲ್ಲ ಹೇಳಿದರೂ, ಫಿಲ್ಮಿನ ಕಾಲದಲ್ಲಿ ಮೂಡಿಗೆರೆಯಲ್ಲಿ ಹಕ್ಕಿಗಳ ಹಿಂದೆ ಬಿದ್ದ ತೇಜಸ್ವಿಯವರಿಗಾಗಲಿ, ಬೆಂಗಳೂರಿನಿಂದ ಕಾಡು ಅಲೆದ ಟಿ.ಎನ್.ಎ. ಪೆರುಮಾಳ್ ಅವರಿಗಾಗಲಿ ರೋಲಿಗೆ ಮೂವತ್ತಾರೇ ಚಿತ್ರ. ನಡುವೆ ಐಎಸ್‌ಒ ಬದಲಿಸುವಂತಿಲ್ಲ, ತೊಳೆಸಿ ಬರುವವರೆಗೆ ಏನು ಬಂದಿದೆಯೆಂದು ತಿಳಿಯುವಂತಿಲ್ಲ. ಚುಕ್ಕೆ ಕಳೆದುಕೊಂಡ 3000ಡಿ ಕೂಡ ಆ ಲೆಕ್ಕದಲ್ಲಿ ಐಶ್ವರ್ಯ. ಹಾಗಾಗಿ ಕ್ಯಾಮೆರಾ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಇವುಗಳಲ್ಲಿ ಯಾವುದನ್ನು ಕೊಂಡರೂ ಕಲಿಯಬಹುದು. ಕೊಳ್ಳುವವನನ್ನು ಹೀಗೆ ಆಡಿಸಬೇಕಿರಲಿಲ್ಲ, ಅಷ್ಟೆ.

ಆದ್ದರಿಂದ ಪಂಥವಿಲ್ಲದ ಉತ್ತರ. ಸೆಕೆಂಡ್ ಹ್ಯಾಂಡ್ ಬಾಡಿ ಕೊಳ್ಳಿ. ಡಿ3300 ಸಿಕ್ಕರೆ ಸಾಕು, ಕ್ಯಾನನ್ ಬೇಕೆನಿಸಿದರೆ 700ಡಿ. ಅಂಗಡಿಯಲ್ಲೇ ನಿಮ್ಮ ಫ್ಲಾಶ್ ಹಾಕಿ ಹೊಡೆದು ನೋಡಿ. ಲೆನ್ಸಿನೊಳಕ್ಕೆ ಟಾರ್ಚ್ ಬಿಟ್ಟು ಫಂಗಸ್ಸಿನ ಎಳೆ ಇದೆಯೇ ನೋಡಿ, ಮಲೆನಾಡಿನ ಮನೆಯಿಂದ ಬಂದದ್ದಾದರೆ ಎರಡು ಸಲ ನೋಡಿ. ಎಫ್/16ರಲ್ಲಿ ಬಿಳಿ ಗೋಡೆಯ ಒಂದು ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಧೂಳೆಲ್ಲ ಕಾಣುತ್ತದೆ. ಶಟರ್ ಕೌಂಟ್, ಅಂದರೆ ಈವರೆಗೆ ಎಷ್ಟು ಚಿತ್ರ ಹೊಡೆದಿದೆಯೆಂಬ ಲೆಕ್ಕ, ಕೇಳಿ. ಬಾಡಿಯೊಂದಿಗೇ ಬರುವ ಕಿಟ್ ಲೆನ್ಸನ್ನು ಬೈಯುವವರ ಮಾತಿಗೆ ಕಿವಿಗೊಡಬೇಡಿ, ಹಗಲಿನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಉಳಿದ ದುಡ್ಡಿಗೆ ಎಫ್/1.8ರ ಒಂದು ಲೆನ್ಸ್ ತನ್ನಿ: ನಿಕಾನ್‌ಗೆ 35ಎಂಎಂ ಎಫ್/1.8ಜಿ, ಕ್ಯಾನನ್‌ಗೆ 50ಎಂಎಂ ಎಸ್‌ಟಿಎಂ. ಜೂಮ್ ಮಾಡಿದ ಕಿಟ್ ಲೆನ್ಸಿನ ಎಫ್/5.6ಕ್ಕಿಂತ ಇದು ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಮನೆಯೊಳಗಿನ ಟ್ಯೂಬ್‌ಲೈಟಿನಲ್ಲಿ ಅಜ್ಜಿಯ ಮುಖ ತೆಗೆಯಲು ಬೇಕಾದದ್ದು ಅದು. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.

ಇನ್ನು ಪಂಡಿತರಲ್ಲಿ ಒಂದು ಮನವಿ. ಇನ್ನು ಮುಂದೆ ಯಾರಾದರೂ ಯಾವ ಕ್ಯಾಮೆರಾ ಎಂದು ಕೇಳಿದರೆ, ದುಡ್ಡೆಷ್ಟಿದೆ, ಏನು ತೆಗೆಯಬೇಕು ಎಂದು ಎರಡೇ ಪ್ರಶ್ನೆ ಕೇಳಿ, ಒಂದೇ ಉತ್ತರ ಕೊಡಿ. ಫುಲ್ ಫ್ರೇಮಿಗೆ ಏರಿದ ಮೇಲೆ ನಿಮ್ಮ ಬೀರುವಿನಲ್ಲಿ ಸುಮ್ಮನೆ ಕೂತಿರುವ ಹಳೆಯ ಬಾಡಿಯನ್ನು ಅವರಿಗೇ ಕೊಟ್ಟರೆ ಇನ್ನೂ ಒಳ್ಳೆಯದು. ಬೇಗ ಕೊಡಿ, ಈ ಮಳೆಗಾಲ ಕಳೆದರೆ ಅದರ ಲೆನ್ಸಿಗೆ ಫಂಗಸ್ ಬಂದಿರುತ್ತದೆ.